ಪುರಜನರ ಸಲಹಾ ಸಮಿತಿಗಳು: ಭಟ್ಕಳ, ಹೊನ್ನಾವರ, ಕುಮಟೆಗಳ ಕರ್ತವ್ಯ

ಐದು ವರ್ಷಗಳಿಗೊಮ್ಮೆ ಮತಗಟ್ಟೆಗೆ ಹೋಗಿ ತನ್ನ ಇಚ್ಛೆಯನ್ನು ತಿಳಿಸಿ ಮನೆಗೆ ಮರಳಿದ ಪುರವಾಸಿಗೆ, ಮುಂದಿನ ಐದು ವರ್ಷಗಳ ಕಾಲ ತನ್ನ ಊರಿನ ಆಡಳಿತದಲ್ಲಿ ಆಡತಕ್ಕ ಮಾತು ಮತ್ತೊಂದು ಉಂಟೋ ಇಲ್ಲವೋ? ಗಟಾರವು ಹೂಳಿನಿಂದ ತುಂಬಿ ಮಳೆಯ ನೀರು ಅಂಗಡಿಯೊಳಕ್ಕೆ ಹೊಕ್ಕರೆ ಅವನು ಅರ್ಜಿ ಬರೆಯಬಹುದು. ಪೇಟೆಯ ಬದಿಯಲ್ಲಿ ಮೀನಿನ ಬುಟ್ಟಿಯನ್ನಿಟ್ಟುಕೊಂಡು ಕುಳಿತ ಹೆಂಗಸನ್ನು ಎಬ್ಬಿಸಿದರೆ ಅವಳು ಗೋಳಿಡಬಹುದು. ಆದರೆ ಅರ್ಜಿಯೂ ಗೋಳೂ ಕೆಲಸ ಕೆಟ್ಟ ಬಳಿಕ ಹುಟ್ಟತಕ್ಕವು. ಕೆಲಸವನ್ನು ಆರಂಭಿಸುವ ಮುನ್ನ ಪ್ರಜೆಗಳನ್ನು ಕರೆದು, ಕುಳ್ಳಿರಿಸಿ, ಅವರ ಮಾತನ್ನು ಬರೆದುಕೊಳ್ಳುವ ಏರ್ಪಾಡು ನಮ್ಮ ಕರಾವಳಿಯ ಪಟ್ಟಣಗಳಲ್ಲಿ ಎಷ್ಟರಮಟ್ಟಿಗೆ ಇದೆಯೆಂಬುದನ್ನು ಇಂದು ನಮ್ಮ ವಾಚಕರ ಮುಂದಿಡಬೇಕೆಂದು ಬಯಸುತ್ತೇವೆ.

ಸಲಹಾಸಭೆಯೆಂಬುದು ಕನ್ನಡಿಗರಿಗೆ ಹೊಸ ವಸ್ತುವಲ್ಲ. 1881ರ ಅಕ್ಟೋಬರದಲ್ಲಿ ದಿವಾನ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಅದರಲ್ಲಿದ್ದ 144 ಮಂದಿ ಜಮೀನುದಾರರಿಗೂ ವರ್ತಕರಿಗೂ ಯಾವ ಅಧಿಕಾರವೂ ಇರಲಿಲ್ಲ. ದಿವಾನರ ವರದಿಯನ್ನು ಕೇಳುವುದು, ತಮ್ಮ ತಾಲ್ಲೂಕಿನ ಕಷ್ಟಗಳನ್ನು ಹೇಳುವುದು, ಇಷ್ಟೇ ಅವರ ಕೆಲಸವಾಗಿತ್ತು. ನಕ್ಕವರು ಆಗಲೂ ಇದ್ದಿರಬಹುದು. ಆದರೂ ವರ್ಷ ವರ್ಷವೂ ತಪ್ಪದೆ ಕೂಡಿ, ಕೇಳಿದ್ದಕ್ಕೆ ಉತ್ತರ ಪಡೆಯುವ ಅಭ್ಯಾಸವು ಬೆಳೆದು ಬಂದುದರಿಂದಲೇ, 1923ರಲ್ಲಿ ಆ ಸಭೆಗೆ ಕಾಯಿದೆಯ ಆಧಾರ ದೊರೆತು, ಹೊಸ ಶಾಸನ ಮತ್ತು ಹೊಸ ತೆರಿಗೆಗಳ ವಿಷಯದಲ್ಲಿ ಅದರ ಅಭಿಪ್ರಾಯವನ್ನು ಕೇಳಲೇಬೇಕೆಂಬ ನಿಯಮವಾಯಿತು. 1911ರಲ್ಲಿ ಏರ್ಪಟ್ಟ ಮೈಸೂರು ಆರ್ಥಿಕ ಪರಿಷತ್ತು ವ್ಯವಸಾಯ, ವಿದ್ಯೆ, ಕೈಗಾರಿಕೆ ಮತ್ತು ವ್ಯಾಪಾರಗಳಿಗೆ ಬೇರೆ ಬೇರೆ ಸಮಿತಿಗಳನ್ನು ನೇಮಿಸಿ, ಅಧಿಕಾರಿಗಳನ್ನೂ ಅಧಿಕಾರಿಗಳಲ್ಲದವರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿತು. ಅಧಿಕಾರವಿಲ್ಲದ ಮಾತಿಗೂ ಕ್ರಮವಿದ್ದರೆ ಬಲ ಬರುತ್ತದೆಂಬುದಕ್ಕೆ ಇವೆರಡೂ ಸಾಕ್ಷಿಗಳಾಗಿವೆ.

ನಮ್ಮ ಜಿಲ್ಲೆಯ ಚರಿತ್ರೆ ಬೇರೆ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. 1882ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ ಸಾಹೇಬರ ಸರಕಾರವು ಹೊರಡಿಸಿದ ಸ್ಥಳೀಯ ಸ್ವಯಮಾಡಳಿತದ ಠರಾವು, ಆಡಳಿತವನ್ನು ಉತ್ತಮಪಡಿಸುವುದಕ್ಕಿಂತಲೂ ಪ್ರಜೆಗಳಿಗೆ ರಾಜಕೀಯ ಶಿಕ್ಷಣ ಕೊಡುವುದೇ ಮುಖ್ಯ ಉದ್ದೇಶವೆಂದು ಸಾರಿತು. ಆ ಬಳಿಕ 1884 ಮತ್ತು 1901ರ ಮುಂಬಯಿ ಜಿಲ್ಲಾ ಮ್ಯುನಿಸಿಪಲ್ ಕಾಯಿದೆಗಳು ಬಂದವು. 1956ರಲ್ಲಿ ನಾವು ಕನ್ನಡಿಗರೆಲ್ಲರೊಡನೆ ಒಂದಾದೆವು. 1964ರ ಕರ್ನಾಟಕ ಪುರಸಭೆಗಳ ಕಾಯಿದೆಯು ಹಳೆಯ ಕಾಯಿದೆಗಳ ಸ್ಥಾನದಲ್ಲಿ ನಿಂತಿತು. ಸ್ವಾತಂತ್ರ್ಯದ ಹೋರಾಟದ ಮುಂದಾಳುಗಳೂ ಊರಿನ ಗಟಾರಗಳ ಚಿಂತೆಯನ್ನು ಕೀಳೆಂದು ಭಾವಿಸಿದವರಲ್ಲ. 1924ರಿಂದ 1928ರವರೆಗೆ ವಲ್ಲಭಭಾಯಿ ಪಟೇಲರು ಅಹಮದಾಬಾದಿನ ಪುರಸಭೆಯ ಅಧ್ಯಕ್ಷರಾಗಿದ್ದರು. ಜವಾಹರಲಾಲ ನೆಹರೂ ಅವರು ಅದೇ ಕಾಲದಲ್ಲಿ ಅಲಹಾಬಾದಿನ ಪುರಸಭೆಯನ್ನು ನಡೆಸಿದರು. ಸ್ವರಾಜ್ಯದ ಮೊದಲನೆಯ ಪಾಠವು ಪುರಸಭೆಯಲ್ಲಿಯೇ ಆಗತಕ್ಕದ್ದೆಂದು ಅವರು ತಿಳಿದಿದ್ದರು.

ಈಗಿನ ಸ್ಥಿತಿಗೆ ಬರೋಣ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪಟ್ಟಣಗಳ ಆಡಳಿತಕ್ಕೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕಲ್ಪಿಸಿತು. ಅದರ ಒಂದು ವಿಧಿಯು ವಾರ್ಡು ಸಮಿತಿಗಳನ್ನು ರಚಿಸಬೇಕೆಂದು ವಿಧಿಸುತ್ತದೆ. ಆದರೆ ಆ ಕಡ್ಡಾಯವು ಮೂರು ಲಕ್ಷ ಅಥವಾ ಅದಕ್ಕೆ ಮಿಕ್ಕಿದ ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಯಾವುದೂ ಐವತ್ತು ಸಾವಿರವನ್ನು ಮುಟ್ಟಲಿಲ್ಲ. ಮೂರನ್ನು ಕೂಡಿಸಿದರೂ ಒಂದು ಲಕ್ಷವಾಗಲಿಲ್ಲ. ಇವು ಹಾಗಿರಲಿ, ಇಡೀ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೂರು ಲಕ್ಷದ ಪಟ್ಟಣವೊಂದೂ ಇಲ್ಲ. ಎಂದಮೇಲೆ ಸಂವಿಧಾನದ ಈ ಉಪಕಾರವು ಘಟ್ಟದ ಮೇಲಾಗಲಿ ಕೆಳಗಾಗಲಿ ನಮ್ಮ ಜಿಲ್ಲೆಯ ಒಬ್ಬ ಪುರವಾಸಿಗೂ ಮುಟ್ಟುವುದಿಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ನಮ್ಮ ಹಳ್ಳಿಗನಿಗೆ ಗ್ರಾಮಸಭೆಯುಂಟು. 1993ರ ಪಂಚಾಯತ ರಾಜ್ಯ ಕಾಯಿದೆಯ ಪ್ರಕಾರ ಅವನು ವಾರ್ಡು ಸಭೆಯಲ್ಲಿಯೂ ಗ್ರಾಮಸಭೆಯಲ್ಲಿಯೂ ಎದ್ದು ನಿಂತು ಲೆಕ್ಕವನ್ನು ಕೇಳಬಹುದು, ಫಲಾನುಭವಿಗಳ ಯಾದಿಯನ್ನು ಪ್ರಶ್ನಿಸಬಹುದು. ಅದೇ ಹಳ್ಳಿಯು ಬೆಳೆದು ಪಟ್ಟಣ ಪಂಚಾಯತವಾದೊಡನೆ ಆ ಹಕ್ಕು ಹೊರಟುಹೋಗುತ್ತದೆ. ಭಟ್ಕಳ ತಾಲ್ಲೂಕಿನ ಜಾಲಿಯೂ ಹೊನ್ನಾವರ ತಾಲ್ಲೂಕಿನ ಮಂಕಿಯೂ ಇತ್ತೀಚಿನ ವರ್ಷಗಳಲ್ಲಿ ಹೀಗೆ ಮೇಲಿನ ಪದವಿಗೇರಿದ ಊರುಗಳಾಗಿವೆ. ಪದವಿ ಏರಿತು, ಮನೆಪಟ್ಟಿ ಏರಿತು, ಕೇಳುವ ಸಭೆ ಇಲ್ಲವಾಯಿತು. ಹಳ್ಳಿಯಲ್ಲಿದ್ದಾಗ ಇದ್ದ ಬುದ್ಧಿಯು ಪೇಟೆಯವನಾದಾಗ ಕುಂದುತ್ತದೆಂದು ಶಾಸನಕರ್ತರು ಭಾವಿಸಿದರೋ ಏನೋ!

ಈ ಕೊರತೆ ಎಲ್ಲ ರಾಜ್ಯಗಳಲ್ಲಿಯೂ ಇದೆಯೆಂದು ತಿಳಿಯಬಾರದು. ಸಂವಿಧಾನವು ಕನಿಷ್ಠವನ್ನು ಹೇಳಿದೆಯಲ್ಲದೆ ಅದಕ್ಕಿಂತ ಹೆಚ್ಚಿನದನ್ನು ತಡೆದಿಲ್ಲ. ನೆರೆಯ ಕೇರಳವು ತನ್ನ 1994ರ ಪುರಸಭಾ ಕಾಯಿದೆಯಲ್ಲಿ ಲಕ್ಷಕ್ಕೆ ಮೀರದ ಪಟ್ಟಣಗಳಿಗೆ ವಾರ್ಡು ಸಭೆಗಳನ್ನೂ ದೊಡ್ಡವಕ್ಕೆ ವಾರ್ಡು ಸಮಿತಿಗಳನ್ನೂ ವಿಧಿಸಿತು. ಪಶ್ಚಿಮ ಬಂಗಾಲವು ಜನಸಂಖ್ಯೆಯನ್ನು ನೋಡದೆ ಪ್ರತಿಯೊಂದು ಪುರಸಭೆಯಲ್ಲಿಯೂ ವಾರ್ಡು ಸಮಿತಿ ಇರಬೇಕೆಂದಿತು. ನಮ್ಮಲ್ಲಿ ಮಹಾನಗರ ಪಾಲಿಕೆಗಳ ಕಾಯಿದೆಗೆ 2011ರಲ್ಲಿ ತಿದ್ದುಪಡಿಯಾಗಿ, ವಾರ್ಡು ಸಮಿತಿಯಲ್ಲಿ ಹತ್ತು ಮಂದಿ ನಾಗರಿಕರಿರಬೇಕು, ಅವರಲ್ಲಿ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಪಂಗಡಗಳವರು, ಇಬ್ಬರು ನಿವಾಸಿಗಳ ಸಂಘಗಳವರು ಇರಬೇಕೆಂದು ಗೊತ್ತಾಯಿತು. ಆದರೂ ಬೆಂಗಳೂರಿನಲ್ಲಿ ಕಸದ ಮೊಕದ್ದಮೆಯು ಉಚ್ಚ ನ್ಯಾಯಾಲಯದ ಮುಂದೆ ಬಂದು, ನ್ಯಾಯಾಧೀಶರು ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ಕಾಯಿದೆಯಿದ್ದ ದೊಡ್ಡ ನಗರದ ಪಾಡೇ ಹೀಗಾದರೆ, ಕಾಯಿದೆಯ ಒತ್ತಾಯವೇ ಇಲ್ಲದ ಸಣ್ಣ ಪಟ್ಟಣಗಳ ಪಾಡನ್ನು ಬೇರೆ ಹೇಳಬೇಕೇ?

ಹಾಗೆಂದು ನಮ್ಮ ಮೂರು ಪಟ್ಟಣಗಳಿಗೆ ಏನೂ ದೊರೆತಿಲ್ಲವೆಂದರೆ ಅದು ಸತ್ಯವಾಗಲಾರದು. ದೊರೆತುದನ್ನು ನಾವು ಬಳಸಿಕೊಂಡಿಲ್ಲವೆಂಬುದೇ ಹೆಚ್ಚು ಸತ್ಯ. ಮೊದಲನೆಯದಾಗಿ, 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಊರು ಚಿಕ್ಕದೋ ದೊಡ್ಡದೋ ಎಂದು ನೋಡದೆ ಪಟ್ಟಣ ವ್ಯಾಪಾರ ಸಮಿತಿಯನ್ನು ವಿಧಿಸಿದೆ. ಮುಖ್ಯಾಧಿಕಾರಿಯೇ ಅದರ ಅಧ್ಯಕ್ಷನು. ಅದರ ಸಭಾಸದರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಜನರು ಬೀದಿಯ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಗಣತಿಯಾಗಬೇಕು. ಗಣತಿ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು. ಮೀನುಪೇಟೆಯ ಹೊರಗೆ ಬಿಸಿಲಿನಲ್ಲಿ ಕುಳಿತ ಹೆಂಗಸಿಗೆ, ಸಂತೆಯ ದಿನ ಹೂವು ತರಕಾರಿಗಳನ್ನು ತಂದು ಹರವಿದವಳಿಗೆ, ಪುರಸಭೆಯ ಮೇಜಿನ ಮುಂದೆ ಅಧಿಕಾರಿಯ ಸಮಕ್ಕೆ ಕುರ್ಚಿಯನ್ನು ಹಾಕಿಕೊಟ್ಟ ಕಾಯಿದೆ ಇದು. ಆ ಕುರ್ಚಿಯಿರುವ ಸುದ್ದಿಯು ಅವಳಲ್ಲಿ ಎಷ್ಟು ಮಂದಿಗೆ ಮುಟ್ಟಿದೆ? ಓದುಬರಹ ಬಲ್ಲ ನಾವು ಎಷ್ಟು ಮಂದಿ ಅವಳಿಗೆ ತಿಳಿಸಿದ್ದೇವೆ?

ಎರಡನೆಯದಾಗಿ, 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕೆಂದು ಹೇಳಿದೆ. ಊರಿನವರನ್ನು ಕೇಳಿ ಅಲ್ಲಿನ ಗಿಡಮರ, ಮೀನು, ಬೆಳೆ, ಔಷಧಿಗಳ ದಾಖಲೆಯನ್ನು ಬರೆಯುವುದು ಅದರ ಮುಖ್ಯ ಕೆಲಸ. ಕುಮಟೆ ತಾಲ್ಲೂಕಿನ ಅಘನಾಶಿನಿ ಅಳಿವೆಯು 2024ರಲ್ಲಿ ರಾಮಸಾರ್ ಒಪ್ಪಂದದ ಪ್ರಕಾರ ಲೋಕಪ್ರಸಿದ್ಧ ಜೌಗುಭೂಮಿಗಳ ಯಾದಿಯಲ್ಲಿ ಸೇರಿತು. ಆ ಅಳಿವೆಯ ಬಳಚನ್ನೂ ಗಜನಿಯ ಕಗ್ಗ ಭತ್ತವನ್ನೂ ಬಲ್ಲವರು ಯಾರು? ಇಳಿತದ ವೇಳೆಯಲ್ಲಿ ನೀರಿಗಿಳಿಯುವ ಹೆಂಗಸರು, ಗಜನಿಯ ಕಟ್ಟೆಯನ್ನು ಕಾಯುವ ರೈತರು. ಲೋಕದ ಯಾದಿಯಲ್ಲಿ ಹೆಸರು ಬಂದಿತೆಂದು ಹಿಗ್ಗುವ ನಾವು, ಊರಿನ ಸಮಿತಿಯ ಯಾದಿಯಲ್ಲಿ ಅವರ ಹೆಸರಿದೆಯೇ ಎಂದು ನೋಡಬೇಡವೇ? ಇದರಂತೆಯೇ 2011ರ ಕರಾವಳಿ ನಿಯಂತ್ರಣ ಪ್ರಕಟಣೆಯು ಜಿಲ್ಲಾ ಸಮಿತಿಯಲ್ಲಿ ಮೀನುಗಾರರೇ ಮೊದಲಾದ ಕರಾವಳಿಯ ಪರಂಪರಾಗತ ಸಮುದಾಯಗಳ ಮೂವರಾದರೂ ಪ್ರತಿನಿಧಿಗಳಿರಬೇಕೆಂದು ವಿಧಿಸಿತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರಿನ ವಿಷಯವಾಗಿ ಮೀನುಗಾರರು ವರ್ಷಗಟ್ಟಲೆ ಬೀದಿಗಿಳಿದುದನ್ನು ನಾಡೆಲ್ಲ ಕಂಡಿದೆ. ಬಂದರು ಬೇಕೋ ಬೇಡವೋ ಎಂಬ ವಾದವನ್ನು ನಾವಿಲ್ಲಿ ಎತ್ತುವುದಿಲ್ಲ. ಮೇಜಿನ ಮುಂದೆ ಆಗಬೇಕಾದ ಮಾತು ಬೀದಿಯಲ್ಲಿ ಆಗುವಂತಾದರೆ ಎರಡು ಪಕ್ಷಕ್ಕೂ ನಷ್ಟವೆಂದಷ್ಟೇ ಹೇಳುತ್ತೇವೆ.

ಮೂರನೆಯದು ನಾಮಕರಣ ಸದಸ್ಯರು. ಪುರಾಡಳಿತದಲ್ಲಿ ವಿಶೇಷ ಜ್ಞಾನ ಅಥವಾ ಅನುಭವವುಳ್ಳವರನ್ನು ಮತದ ಹಕ್ಕಿಲ್ಲದೆ ಸಭೆಗೆ ಸೇರಿಸಿಕೊಳ್ಳಬಹುದೆಂದು ಸಂವಿಧಾನವು ಹೇಳುತ್ತದೆ. ಮತವಿಲ್ಲದ, ಮಾತು ಮಾತ್ರವಿರುವ ಈ ಸ್ಥಾನವು ನಿಜವಾಗಿ ಸಲಹಾ ಸ್ಥಾನವೇ. ನಿವೃತ್ತ ಇಂಜಿನಿಯರರು, ವೈದ್ಯರು, ಉಪಾಧ್ಯಾಯರು ಕುಳಿತುಕೊಳ್ಳತಕ್ಕ ಈ ಕುರ್ಚಿಗಳು, ಸರಕಾರ ಬದಲಾದೊಡನೆ ಪಕ್ಷದ ಕಾರ್ಯಕರ್ತರಿಗೆ ಹಂಚುವ ಪ್ರಸಾದವಾಗಿರುವುದನ್ನು ಎಲ್ಲ ಪಕ್ಷದವರೂ ಬಲ್ಲರು.

ಇಂಥ ಸಮಿತಿಗಳು ನಮ್ಮಲ್ಲಿ ಏಕೆ ಸೊರಗುತ್ತವೆಂಬುದಕ್ಕೆ ನಮ್ಮ ಸ್ವಂತ ಅನುಭವವೊಂದನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಸಾರ್ವಜನಿಕ ಸಂಸ್ಥೆಯವರು ನಮ್ಮನ್ನು ಸಲಹಾ ಸಮಿತಿಯೊಂದರ ಸಭಾಸದರನ್ನಾಗಿ ನೇಮಿಸಿದರು. ನೇಮಕದ ಕಾಗದ ಬಂದಿತು, ಮಿತ್ರರು ಹಾರ ಹಾಕಿದರು. ಹದಿನಾಲ್ಕು ತಿಂಗಳವರೆಗೆ ಒಂದು ಸಭೆಯೂ ಆಗಲಿಲ್ಲ. ಆ ಬಳಿಕ ಒಂದು ಸಂಜೆ ಸಿಪಾಯಿಯು ನಡವಳಿಯ ಪುಸ್ತಕವನ್ನು ತಂದು ನಮ್ಮ ಮುಂದೆ ಹಿಡಿದು ರುಜು ಕೇಳಿದನು. ನಡೆಯದ ಸಭೆಯಲ್ಲಿ ನಾವು ಆಡದ ಮಾತುಗಳನ್ನು ಅಂದವಾದ ಅಕ್ಷರದಲ್ಲಿ ಬರೆದಿದ್ದರು. ನಾವು ರುಜು ಹಾಕಲಿಲ್ಲ. ಆದರೆ ಅದನ್ನು ಹೇಳಿ ಮೆರೆಯುವ ಯೋಗ್ಯತೆ ನಮಗಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ, ಸಭೆ ಯಾವಾಗ ಎಂದು ಕೇಳಿ ನಾವಾದರೂ ಒಂದು ಕಾಗದವನ್ನು ಬರೆಯಲಿಲ್ಲ. ಹಾರವನ್ನು ತೆಗೆದಿಟ್ಟು ಸುಮ್ಮನಿದ್ದೆವು. ಸಮಿತಿ ಸತ್ತುದರಲ್ಲಿ ಕಚೇರಿಯ ಪಾಲೆಷ್ಟೋ ನಮ್ಮ ಪಾಲೂ ಅಷ್ಟೇ.

ಪರದೇಶಗಳಲ್ಲಿ ಈ ರೋಗಕ್ಕೆ ಮದ್ದನ್ನು ಕಂಡುಕೊಂಡ ಬಗೆಯನ್ನು ನೋಡತಕ್ಕದ್ದು. ಅಮೇರಿಕದ ಪಟ್ಟಣಗಳಲ್ಲಿ ನಗರಯೋಜನೆ, ಪುಸ್ತಕಾಲಯ, ಉದ್ಯಾನ ಮೊದಲಾದವಕ್ಕೆ ವೇತನವಿಲ್ಲದ ನಾಗರಿಕರ ಮಂಡಲಗಳಿರುವುದು ಸಾಮಾನ್ಯ. ಹಾರ್ಟ್‌ಫೋರ್ಡ್ ನಗರವು 1907ರಲ್ಲಿಯೇ ನಗರಯೋಜನೆಗಾಗಿ ಇಂಥ ಮಂಡಲವನ್ನು ನೇಮಿಸಿತು. ಸಭಾಸದರ ಅವಧಿ ಗೊತ್ತಾಗಿರುತ್ತದೆ. ಎಲ್ಲರೂ ಒಮ್ಮೆಗೇ ನಿವೃತ್ತರಾಗದೆ ಸರದಿಯಂತೆ ಬಿಡುತ್ತಾರಾದ್ದರಿಂದ ಹಳಬರ ಅನುಭವವು ಹೊಸಬರಿಗೆ ಸಿಗುತ್ತದೆ. ಕ್ಯಾಲಿಫೋರ್ನಿಯ ಸಂಸ್ಥಾನದ 1975ರ ಒಂದು ಕಾಯಿದೆಯ ಪ್ರಕಾರ, ಮುಂದಿನ ವರ್ಷದಲ್ಲಿ ಯಾವ ಮಂಡಲದ ಯಾರ ಅವಧಿ ಮುಗಿಯುವುದು, ಆ ಸ್ಥಾನಕ್ಕೆ ಬೇಕಾದ ಯೋಗ್ಯತೆ ಏನು ಎಂಬ ಯಾದಿಯನ್ನು ಪ್ರತಿ ಡಿಸೆಂಬರದ ಕೊನೆಯೊಳಗೆ ಪ್ರಕಟಿಸಬೇಕು. ಬೇಕಾದವನು ಅರ್ಜಿ ಹಾಕಬಹುದು. ಅಲ್ಲಿಯ 1953ರ ಇನ್ನೊಂದು ಕಾಯಿದೆಯ ಪ್ರಕಾರ ಸಭೆಗಳು ಬಹಿರಂಗವಾಗಿಯೇ ನಡೆಯಬೇಕು. ಈಗ ನಿಯತ ಸಭೆಗೆ 72 ತಾಸು ಮುಂಚೆ ಕಾರ್ಯಕ್ರಮವನ್ನು ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂಬ ನಿಯಮವಿದೆ. ಬ್ರೆಜಿಲಿನ ಪೋರ್ತೊ ಅಲೆಗ್ರೆ ನಗರವು 1989ರಿಂದ ಮುಂಗಡಪತ್ರದ ಒಂದು ಭಾಗವನ್ನು ಕೇರಿಯ ಸಭೆಗಳಲ್ಲಿ ಚರ್ಚಿಸುವ ಪದ್ಧತಿಯನ್ನು ಆರಂಭಿಸಿ ಹೆಸರಾಯಿತು. ಇವುಗಳ ಸಾರವು ಮೂರೇ ಮಾತು: ಸ್ಥಾನ ಖಾಲಿಯಿರುವುದು ಎಲ್ಲರಿಗೂ ತಿಳಿಯಲಿ, ಸಭೆಯ ದಿನ ಎಲ್ಲರಿಗೂ ತಿಳಿಯಲಿ, ಸಭೆಯಲ್ಲಿ ಆಡಿದ್ದು ಎಲ್ಲರಿಗೂ ತಿಳಿಯಲಿ.

ಇವುಗಳಲ್ಲಿ ಕೊನೆಯ ಎರಡಕ್ಕೆ ನಮ್ಮ ದೇಶದಲ್ಲಿಯೂ ಆಧಾರವಿದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಕಲಮು ಪ್ರತಿಯೊಂದು ಸಾರ್ವಜನಿಕ ಕಚೇರಿಯೂ, ಯಾರೂ ಕೇಳದಿದ್ದರೂ ತಾನಾಗಿ, ತನಗೆ ಸಲಹೆ ಕೊಡಲು ರಚಿತವಾದ ಮಂಡಲಗಳು ಸಮಿತಿಗಳು ಯಾವುವು, ಅವುಗಳ ಸಭೆಗೆ ಸಾರ್ವಜನಿಕರು ಬರಬಹುದೋ, ನಡವಳಿಗಳನ್ನು ನೋಡಬಹುದೋ ಎಂಬುದನ್ನು ಪ್ರಕಟಿಸಬೇಕೆಂದು ಆಜ್ಞಾಪಿಸುತ್ತದೆ. ನಮ್ಮ ವಾಚಕರು ತಮ್ಮ ಊರಿನ ಕಚೇರಿಗೆ ಹೋಗಿ ಈ ಒಂದು ಯಾದಿಯನ್ನು ನೋಡಬೇಕೆಂದು ನಾವು ಪ್ರಾರ್ಥಿಸುತ್ತೇವೆ. ಯಾದಿಯಿದ್ದರೆ ಸಂತೋಷ. ಇಲ್ಲದಿದ್ದರೆ ಕೆಲಸವು ಅಲ್ಲಿಂದಲೇ ಆರಂಭವಾಗಲಿ.

ಇದಕ್ಕೆ ಎರಡು ಆಕ್ಷೇಪಗಳು ಬರುವುವೆಂದು ಬಲ್ಲೆವು. ಚುನಾಯಿತ ಸದಸ್ಯರು, "ಜನರು ನಮ್ಮನ್ನು ಆರಿಸಿ ಕಳುಹಿಸಿದ ಮೇಲೆ ಈ ಹೊರಗಿನವರು ಯಾರು?" ಎಂದು ಕೇಳುವರು. ಉತ್ತರವು ಸುಲಭ. ಠರಾವು ಮಾಡುವ ಅಧಿಕಾರವು ತಮ್ಮದೇ. ಸಮಿತಿಯು ಹೇಳುವುದು, ತಾವು ನಿರ್ಣಯಿಸುವುದು. ಅದಲ್ಲದೆ ಸಭೆಯೇ ಇಲ್ಲದ ಕಾಲವೂ ಬರುತ್ತದೆಂಬುದನ್ನು ಮರೆಯಬಾರದು. 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಮಿಕ್ಕಿದ ನಗರ ಸಂಸ್ಥೆಗಳಿಗೆ ಚುನಾವಣೆಯಾದರೂ, ಅಧ್ಯಕ್ಷ ಸ್ಥಾನಗಳ ಮೀಸಲಾತಿಯ ವ್ಯಾಜ್ಯದಿಂದಾಗಿ ಬಹಳ ಕಡೆ ಎರಡು ವರ್ಷಗಳವರೆಗೆ ಗೆದ್ದ ಸದಸ್ಯರು ಹೊರಗೇ ಉಳಿದರು, ಆಡಳಿತಾಧಿಕಾರಿಗಳು ಊರನ್ನಾಳಿದರು. ಅಂಥ ಕಾಲದಲ್ಲಿ ಅಧಿಕಾರಿಗೆ ಊರಿನ ಮಾತನ್ನು ಮುಟ್ಟಿಸುವ ಸಮಿತಿಯೊಂದಿದ್ದರೆ ಸದಸ್ಯರಿಗೂ ಅದು ಮಿತ್ರನೇ ಆಗುತ್ತಿತ್ತು. ಎರಡನೆಯ ಆಕ್ಷೇಪ ಅಧಿಕಾರಿಗಳದು: ಸಮಿತಿಗಳಿಂದ ಕೆಲಸ ತಡವಾಗುತ್ತದೆಂದು. ತಡವಾಗುವುದು ನಿಜ. ಆದರೆ ಕಟ್ಟಿದ ಗಟಾರವನ್ನು ಒಡೆದು ಮತ್ತೆ ಕಟ್ಟುವುದರಲ್ಲಿ ಆಗುವ ತಡವೆಷ್ಟು? 2022ರ ಆಗಸ್ಟಿನ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ರಾತ್ರಿಯಲ್ಲಿ ಸುರಿದ ಮಳೆಯಿಂದ ಪೇಟೆಯು ನೀರಿನಲ್ಲಿ ಮುಳುಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿ ನಾಲ್ವರು ಸತ್ತರು. ಇಂಥ ಮಳೆಯನ್ನು ತಡೆಯುವುದು ಯಾವ ಸಮಿತಿಯಿಂದಲೂ ಆಗದು. ಆದರೆ ನೀರು ಹಿಂದೆ ಯಾವ ದಾರಿಯಲ್ಲಿ ಹರಿಯುತ್ತಿತ್ತು, ಆ ದಾರಿ ಎಲ್ಲಿ ಮುಚ್ಚಿಹೋಯಿತು ಎಂಬುದನ್ನು ನಕ್ಷೆಗಿಂತ ಚೆನ್ನಾಗಿ ಬಲ್ಲವರು ಆಯಾ ಕೇರಿಯ ಮುದುಕರು. ವರ್ಗವಾಗಿ ಬಂದ ಅಧಿಕಾರಿಗೆ ಅವರಿಗಿಂತ ಒಳ್ಳೆಯ ಗುರುವಿಲ್ಲ.

ಆದಕಾರಣ ನಮ್ಮ ಸೂಚನೆ ಇಷ್ಟು. ಸರಕಾರವು ವಾರ್ಡು ಸಮಿತಿಯ ಕಡ್ಡಾಯವನ್ನು ಸಣ್ಣ ಪಟ್ಟಣಗಳಿಗೂ ವಿಸ್ತರಿಸುವವರೆಗೆ ಕಾಯದೆ, ಮೂರು ಪಟ್ಟಣಗಳೂ ತಮ್ಮ ಠರಾವಿನಿಂದಲೇ ಸಲಹಾ ಸಮಿತಿಗಳನ್ನು ರಚಿಸಲಿ. ಸಲಹೆಯನ್ನು ಕೇಳಬಾರದೆಂದು ಯಾವ ಕಾಯಿದೆಯೂ ಹೇಳಿಲ್ಲ. ಸಮಿತಿಗಳು ಹೆಚ್ಚು ಬೇಡ. ಮಳೆನೀರು ಮತ್ತು ಗಟಾರಕ್ಕೆ ಒಂದು, ಪೇಟೆಗೂ ರಸ್ತೆಗೂ ಒಂದು, ಹೊಳೆ ಮತ್ತು ಅಳಿವೆಗೆ ಒಂದು. ಭಟ್ಕಳದಲ್ಲಿ ಶರಾಬಿ ಹೊಳೆಯ ದಡದ ಕೇರಿಗಳವರು ಹೊಳೆಯ ನೀರೂ ಬಾವಿಯ ನೀರೂ ಕೆಡುತ್ತಿರುವುದೆಂದು ದೂರುತ್ತ ಬಂದಿದ್ದಾರೆ. ಹೊನ್ನಾವರಕ್ಕೆ ಶರಾವತಿಯ ಮುಖವಿದೆ. ಮೂರೂ ಊರುಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗಿದೆ. ಸಮಿತಿಗಳಿಗೆ ಕೆಲಸದ ಕೊರತೆಯಾಗದು. ಪ್ರತಿಯೊಂದರಲ್ಲಿ ಒಂಬತ್ತು ಮಂದಿಗಿಂತ ಹೆಚ್ಚು ಬೇಡ. ಮೂರರಲ್ಲೊಂದು ಪಾಲು ಹೆಂಗಸರಿರಲಿ. ಅರ್ಜಿಗಳನ್ನು ಕರೆದು, ಅರ್ಜಿದಾರರ ಹೆಸರುಗಳನ್ನು ಕಚೇರಿಯ ಹಲಗೆಯ ಮೇಲೆ ಪ್ರಕಟಿಸಿ, ಬಳಿಕ ನೇಮಿಸಲಿ. ಅವಧಿ ಎರಡು ವರ್ಷ. ತಿಂಗಳಿಗೊಂದು ಸಭೆ, ಗೊತ್ತಾದ ದಿನ, ಗೊತ್ತಾದ ವೇಳೆ, ಬಾಗಿಲು ತೆರೆದು. ಮೂರು ಸಭೆಗಳಿಗೆ ಸಕಾರಣವಿಲ್ಲದೆ ಬಾರದವನ ಸ್ಥಾನ ತಾನಾಗಿ ಖಾಲಿಯಾಗಲಿ. ನಡವಳಿ ಕನ್ನಡದಲ್ಲಿರಲಿ. ಆದರೆ ಕೊಂಕಣಿಯಲ್ಲಿ, ನವಾಯತಿಯಲ್ಲಿ, ಉರ್ದುವಿನಲ್ಲಿ ಮಾತನಾಡಿದವರ ಮಾತನ್ನು ಕೇಳಿ ಕನ್ನಡದಲ್ಲಿ ಬರೆದುಕೊಳ್ಳುವ ಸೌಜನ್ಯವಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಸಮಿತಿಯ ಸಲಹೆಯನ್ನು ಮುಂದಿನ ಪುರಸಭೆಯಲ್ಲಿ ಓದಿ, ಸ್ವೀಕರಿಸಿದರೆ ಹಾಗೆಂದೂ ತಿರಸ್ಕರಿಸಿದರೆ ಕಾರಣವನ್ನೂ ಬರೆದು ತಿಳಿಸಲಿ. ಉತ್ತರ ಬಾರದ ಕಡೆ ಎರಡನೆಯ ಸಲ ಯಾರೂ ಸಲಹೆ ಕೊಡುವುದಿಲ್ಲ.

ನಮ್ಮ ಪುರವಾಸಿಗಳಿಗೂ ಒಂದು ಮಾತು. ಸ್ಥಾನವನ್ನು ಬೇಡುವಾಗ ಇರುವ ಉತ್ಸಾಹವು ಸಭೆಗೆ ಹೋಗುವಾಗಲೂ ಇರತಕ್ಕದ್ದು. ಸಮಿತಿಯೆಂಬುದು ಹಾರಕ್ಕಾಗಿ ಇರುವ ಕೊರಳಲ್ಲ. ಮೀನುಪೇಟೆಯ ಹೆಂಗಸು ತನ್ನ ಅರ್ಧ ದಿನದ ವ್ಯಾಪಾರವನ್ನು ಬಿಟ್ಟು ಸಭೆಗೆ ಬಂದರೆ, ಮಧ್ಯಾಹ್ನದ ನಿದ್ದೆಯನ್ನು ಬಿಟ್ಟು ಬರುವುದು ನಮಗೆ ದೊಡ್ಡದಾಗಬಾರದು. ಮಳೆಗಾಲವು ಪ್ರತಿವರ್ಷವೂ ಜೂನಿನಲ್ಲಿ ತಪ್ಪದೆ ಬರುತ್ತದೆ. ಮೊದಲನೆಯ ಸಭೆ ಅದಕ್ಕಿಂತ ಮುಂಚೆ ಕೂಡಲಿ. ಅಲ್ಲಿ ಎತ್ತತಕ್ಕ ಮೊದಲನೆಯ ಪ್ರಶ್ನೆಯೂ ಇಷ್ಟೇ ಇರಲಿ: ನಮ್ಮ ಕೇರಿಯ ನೀರು ಈ ಸಲ ಎಲ್ಲಿಗೆ ಹರಿಯುವುದು?